ಬೀಜಗಣಿತ ಎಲ್ಲಿ ಕೈಕೊಟ್ಟಿದೆ? ಆರರಿಂದ ಎಂಟನೇ ತರಗತಿಯವರೆಗಿನ ದೋಷ ನಿವಾರಣೆ ಕೈಪಿಡಿ

ಐದನೇ ತರಗತಿಯವರೆಗೆ ಲೆಕ್ಕದಲ್ಲಿ ಮುಂದಿದ್ದ ಮಕ್ಕಳು ಏಳನೇ ತರಗತಿಯಲ್ಲಿ ಇದ್ದಕ್ಕಿದ್ದಂತೆ ಮಂಕಾಗುತ್ತಾರೆ. ಮಗ್ಗಿ ಬರುತ್ತದೆ, ಕೂಡೋದು ಕಳೆಯೋದು ಬರುತ್ತದೆ. ಆದರೆ ‘ಸರಳ ಸಮೀಕರಣಗಳು’ ಪಾಠದ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಏಳು. ಮನೆಯಲ್ಲಿ ‘ಮೊಬೈಲ್ ಜಾಸ್ತಿ ಆಯ್ತು, ಗಮನ ಇಲ್ಲ’ ಅನ್ನುತ್ತಾರೆ. ಟ್ಯೂಷನ್ನಿನಲ್ಲಿ ಅದೇ ತರಹದ ಇನ್ನೂ ಐವತ್ತು ಲೆಕ್ಕ ಕೊಡುತ್ತಾರೆ.

ಐವತ್ತು ಲೆಕ್ಕವನ್ನೂ ತಪ್ಪು ದಾರಿಯಲ್ಲೇ ಮಾಡಿದರೆ ತಪ್ಪಿಗೇ ಕೈ ಪಳಗುತ್ತದೆ, ಅಷ್ಟೇ. ಇಷ್ಟು ವರ್ಷ ನೋಟ್‌ಬುಕ್ ತಿದ್ದಿದ ಮೇಲೆ ನನಗೆ ಅನ್ನಿಸಿರುವುದು ಇದು: ಬೀಜಗಣಿತದಲ್ಲಿ ಕಾಣುವ ಹೆಚ್ಚಿನ ತಪ್ಪುಗಳು ಅಲ್ಲಿ ಹುಟ್ಟಿದ್ದಲ್ಲ. ಎರಡನೇ ಕ್ಲಾಸಿನಲ್ಲೋ ಐದನೇ ಕ್ಲಾಸಿನಲ್ಲೋ ಕಲಿತ ಯಾವುದೋ ಅಭ್ಯಾಸ ಅಲ್ಲಿ ಸರಿಯಾಗಿಯೇ ನಡೆದಿತ್ತು, ಇಲ್ಲಿ ನಡೆಯುತ್ತಿಲ್ಲ. ಆ ಅಭ್ಯಾಸ ಯಾವುದು ಅಂತ ಹಿಡಿಯುವವರೆಗೆ ರಿಪೇರಿಗೆ ಕೈ ಹಾಕಬೇಡಿ.

ಒಂದು ಸೂಚನೆ. ಪಠ್ಯಪುಸ್ತಕದಲ್ಲಿ ಚರಾಕ್ಷರಕ್ಕೆ, ಅಂದರೆ ಸಂಖ್ಯೆಯ ಜಾಗದಲ್ಲಿ ಬರೆಯುವ ಅಕ್ಷರಕ್ಕೆ, ಇಂಗ್ಲಿಷ್ ಅಕ್ಷರ ಇರುತ್ತದೆ. ಇಲ್ಲಿ ಅದರ ಬದಲು ಕ್ಷ ಅಂತ ಬರೆದಿದ್ದೇನೆ.

ಮೊದಲು ಆರು ಪ್ರಶ್ನೆ

ಒಂದು ಹಾಳೆಯಲ್ಲಿ ಈ ಆರನ್ನು ಬರೆದು ಕೊಡಿ. ಟೈಮ್ ಹಾಕಬೇಡಿ, ಪರೀಕ್ಷೆ ಅಂತಲೂ ಹೇಳಬೇಡಿ.

1. 8 + 4 = □ + 5. ಖಾಲಿ ಜಾಗದಲ್ಲಿ ಏನು ಬರಬೇಕು?
2. ಕ್ಷದ ಬೆಲೆ 4 ಆದರೆ 3ಕ್ಷ ಎಷ್ಟು?
3. 3ಕ್ಷ + 5 ಇದನ್ನು ಇನ್ನೂ ಚಿಕ್ಕದು ಮಾಡಬಹುದಾ?
4. 2 − 7 ಎಷ್ಟು? −3 − 4 ಎಷ್ಟು?
5. 3ಕ್ಷ = 12. ಕ್ಷ ಎಷ್ಟು? ಹೇಗೆ ಬಂತು ಅಂತ ಬರೆದು ತೋರಿಸು.
6. ಒಂದು ಸಂಖ್ಯೆಯನ್ನು 15ರಿಂದ ಕಳೆದರೆ 9 ಉಳಿಯುತ್ತದೆ. ಸಮೀಕರಣ ಬರೆ.

ಸರಿ ಉತ್ತರಗಳು: 7; 12; ಆಗಲ್ಲ; −5 ಮತ್ತು −7; 4; 15 − ಕ್ಷ = 9. ನಮಗೆ ಬೇಕಾಗಿರುವುದು ಸರಿ ಉತ್ತರ ಎಷ್ಟು ಅನ್ನುವ ಅಂಕ ಅಲ್ಲ. ತಪ್ಪು ಉತ್ತರ ಏನು ಬಂತು ಅನ್ನುವುದು. ಒಂದೊಂದು ತಪ್ಪು ಒಂದೊಂದು ಕಡೆ ಬೊಟ್ಟು ಮಾಡುತ್ತದೆ. ಕೆಂಪು ಪೆನ್ ಆಚೆ ಇಟ್ಟು ‘ಇದು ಹೇಗೆ ಬಂತು, ಹೇಳು ಮರಿ’ ಅಂತ ಕೇಳಿ. ಸರಿ ಬಂದ ಉತ್ತರಕ್ಕೂ ಕೇಳಿ, ಇಲ್ಲದಿದ್ದರೆ ನೀವು ಕೇಳಿದ ಕೂಡಲೇ ಮಗು ‘ಓ, ತಪ್ಪಾಗಿದೆ’ ಅಂತ ಅಳಿಸಿಬಿಡುತ್ತದೆ.

ಮೊದಲನೆಯದಕ್ಕೆ 12 ಅಥವಾ 17 ಬಂದರೆ

ಇದು ಎಲ್ಲಕ್ಕಿಂತ ಹಳೆಯ ದೋಷ. ಇದನ್ನು ಸರಿ ಮಾಡದೆ ಮುಂದೆ ಹೋದರೆ ಸಮೀಕರಣದ ಪಾಠ ಪೂರ್ತಿ ವ್ಯರ್ಥ.

12 ಬರೆದ ಮಗುವಿಗೆ ಸಮ ಚಿಹ್ನೆ ಅಂದರೆ ‘ಇನ್ನು ಉತ್ತರ ಬರೆ’ ಅನ್ನುವ ಆಜ್ಞೆ. 17 ಬರೆದ ಮಗು ಕಂಡ ಸಂಖ್ಯೆಯನ್ನೆಲ್ಲ ಕೂಡಿದೆ. ಒಂದನೇ ಕ್ಲಾಸಿನಿಂದ ಎಡಗಡೆ ಲೆಕ್ಕ, ಬಲಗಡೆ ಒಂದೇ ಉತ್ತರ ಅಂತಲೇ ನೋಡಿದ್ದಾರಲ್ಲ, ಇನ್ನೇನು ತಾನೇ ಅಂದುಕೊಳ್ಳಬೇಕು? ಕ್ಯಾಲ್ಕುಲೇಟರಿನ ಬಟನ್ ಕೂಡ ಅದನ್ನೇ ಹೇಳುತ್ತದೆ. ಇದು ನಮ್ಮ ಮಕ್ಕಳ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಒಂದು ಬರಹದ ಪ್ರಕಾರ ಆರನೇ ತರಗತಿಯ 145 ಮಕ್ಕಳಿಗೆ ಇದೇ ಪ್ರಶ್ನೆ ಕೊಟ್ಟಾಗ ಒಬ್ಬರೂ 7 ಅಂತ ಬರೆಯಲಿಲ್ಲ. ಎಲ್ಲರದ್ದೂ 12 ಅಥವಾ 17.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. 8 + 4 = 12 + 5 = 17 − 2 = 15 ಅಂತ ರೈಲು ಬಿಟ್ಟಿರುತ್ತಾರೆ. ಉತ್ತರ 15 ಸರಿ ಅಂತ ಟೀಚರು ಟಿಕ್ ಹಾಕಿರುತ್ತಾರೆ. 8 + 4 ಎಂದಾದರೂ 15 ಆಗುತ್ತದಾ? ಆ ಟಿಕ್ ನಿಲ್ಲಿಸಬೇಕು.

ರಿಪೇರಿ ಸುಲಭ. ದಿನಕ್ಕೆ ಐದು ನಿಮಿಷ ‘ಸರಿಯೋ ತಪ್ಪೋ’ ಆಟ ಆಡಿ. 9 = 4 + 5. ಸರಿಯೋ ತಪ್ಪೋ? ‘ತಪ್ಪು ಮಿಸ್, ಉಲ್ಟಾ ಬರೆದಿದ್ದೀರ’ ಅನ್ನುತ್ತಾರೆ, ನೋಡುತ್ತಿರಿ. ಆಮೇಲೆ 6 = 6 ಕೊಡಿ. ‘ಇಲ್ಲಿ ಲೆಕ್ಕವೇ ಇಲ್ಲ’ ಅಂತ ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ 4 + 5 = 3 + 6. ಅಲ್ಲಿಗೆ ಒಂದಿಬ್ಬರ ಮುಖ ಬೆಳಗುತ್ತದೆ. ಓದುವಾಗ ‘ಸಮ’ ಅನ್ನುವ ಜಾಗದಲ್ಲಿ ಕೆಲವು ದಿನ ‘ಎರಡೂ ಕಡೆ ಒಂದೇ’ ಅಂತ ಓದಿಸಿ. ಈ ಚಿಹ್ನೆಯನ್ನು 1557ರಲ್ಲಿ ಮೊದಲು ಅಚ್ಚು ಹಾಕಿಸಿದ ರಾಬರ್ಟ್ ರೆಕಾರ್ಡ್ ಒಂದೇ ಉದ್ದದ ಎರಡು ಗೆರೆ ಎಳೆದಿದ್ದೂ ಇದೇ ಕಾರಣಕ್ಕೆ: ಅದಕ್ಕಿಂತ ಸಮವಾದದ್ದು ಬೇರೆ ಇಲ್ಲ ಅಂತ. ಮಕ್ಕಳಿಗೆ ಈ ಕಥೆ ನೆನಪಿರುತ್ತದೆ.

3ಕ್ಷ ಅಂದರೆ 34 ಅಂದವರಿಗೆ, 7 ಅಂದವರಿಗೆ

ಎರಡೂ ತಪ್ಪಿಗೂ ಬುಡ ಒಂದೇ. ಇಲ್ಲಿಯವರೆಗೆ ಎರಡು ಗುರುತು ಪಕ್ಕಪಕ್ಕ ಕೂತರೆ ಮಗುವಿಗೆ ಅದು ಕೂಡುವುದೇ ಆಗಿತ್ತು. 34 ಅಂದರೆ ಮೂವತ್ತು ಮತ್ತು ನಾಲ್ಕು. 2½ ಅಂದರೆ ಎರಡು ಮತ್ತು ಅರ್ಧ. ಬೀಜಗಣಿತದಲ್ಲಿ ಮಾತ್ರ ಹೇಳದೆ ಕೇಳದೆ ಅದು ಗುಣಾಕಾರ ಆಗಿಬಿಡುತ್ತದೆ. ಇದನ್ನು ಬಾಯಿಬಿಟ್ಟು ಹೇಳಿದರೆ ಸಾಕು, ಅರ್ಧ ಮಕ್ಕಳಿಗೆ ಅಲ್ಲೇ ಸರಿಹೋಗುತ್ತದೆ. ಬೆಲೆ ಹಾಕುವಾಗ ಆವರಣ ಕಡ್ಡಾಯ ಮಾಡಿ: 3(4).

ಕಷ್ಟ ಇರುವುದು ಅದರ ಮುಂದಿನ ದೋಷದಲ್ಲಿ. ಅದು ಮೇಲಿನ ಆರು ಪ್ರಶ್ನೆಯಲ್ಲಿ ಸಿಗುವುದಿಲ್ಲ, ಬೇರೆ ಕೇಳಬೇಕು. ‘ಒಂದು ಪೆನ್ನಿಗೆ ಪ ರೂಪಾಯಿ. ಹಾಗಾದರೆ 5ಪ ಅಂದರೆ ಏನು?’ ಮಗು ತಟ್ಟನೆ ಹೇಳುತ್ತದೆ: ‘ಐದು ಪೆನ್ನು’. ಅಲ್ಲ. ಅದು ಐದು ಪೆನ್ನಿನ ಬೆಲೆ, ರೂಪಾಯಿ ಲೆಕ್ಕ. ಅಕ್ಷರ ಅಂದರೆ ವಸ್ತುವಿನ ಹೆಸರಿನ ಮೊದಲಕ್ಷರ ಅಂತ ಮಗು ತಿಳಿದುಕೊಂಡಿದೆ. ಅದು ಒಂದು ಸಂಖ್ಯೆ ಅನ್ನುವುದು ಇನ್ನೂ ಹೊಕ್ಕಿಲ್ಲ.

ಇದಕ್ಕೆ ನಾವೇ ಕಾರಣ ಅಂತ ನನ್ನ ಅನಿಸಿಕೆ. ಸಜಾತಿ ಪದ (ಒಂದೇ ಅಕ್ಷರದವು), ವಿಜಾತಿ ಪದ (ಬೇರೆ ಬೇರೆ ಅಕ್ಷರದವು) ಹೇಳಿಕೊಡುವಾಗ ‘3 ಬಾಳೆಹಣ್ಣಿಗೆ 2 ಮಾವಿನಹಣ್ಣು ಕೂಡಿಸಕ್ಕಾಗುತ್ತಾ? ಆಗಲ್ಲ ತಾನೇ’ ಅನ್ನುತ್ತೇವೆ. ಆ ದಿನಕ್ಕೆ ಪಾಠ ಸಲೀಸಾಗಿ ಮುಗಿಯುತ್ತದೆ. ಮುಂದಿನ ತಿಂಗಳು ಎರಡು ಅಕ್ಷರವನ್ನು ಗುಣಿಸಬೇಕಾದಾಗ ಬಾಳೆಹಣ್ಣನ್ನು ಮಾವಿನಹಣ್ಣಿನಿಂದ ಹೇಗೆ ಗುಣಿಸೋದು? ಈ ದೋಷ ಕಾಲೇಜಿನವರೆಗೂ ಉಳಿಯುತ್ತದೆ. 1980ರ ಸುಮಾರಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ‘ಇಲ್ಲಿ ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ’ ಅನ್ನುವುದನ್ನು ಸಮೀಕರಣ ಮಾಡಲು ಹೇಳಿದರು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮಂದಿ ತಪ್ಪು ಬರೆದರು. ಹೆಚ್ಚಿನವರು ಆರನ್ನು ವಿದ್ಯಾರ್ಥಿಗಳ ಅಕ್ಷರದ ಪಕ್ಕ ಕೂರಿಸಿ, ‘ಆರು ವಿದ್ಯಾರ್ಥಿಗೆ ಒಬ್ಬ ಪ್ರಾಧ್ಯಾಪಕ’ ಅಂತ ಓದಿಕೊಂಡಿದ್ದರು.

ಹಣ್ಣು ಬಿಡಿ, ಬೆಂಕಿಕಡ್ಡಿ ತನ್ನಿ. ಎನ್‌ಸಿಇಆರ್‌ಟಿಯ ಹಿಂದಿನ ಆರನೇ ತರಗತಿ ಪುಸ್ತಕದಲ್ಲಿ ಬೀಜಗಣಿತ ಶುರುವಾಗುತ್ತಿದ್ದುದೇ ಕಡ್ಡಿಯಿಂದ. ತುಂಬಾ ಜನ ಅದನ್ನು ಚಟುವಟಿಕೆ ಅಂತ ಹಾರಿಸಿಬಿಡುತ್ತಾರೆ. ಅಲ್ಲೇ ಇರುವುದು ಮದ್ದು.

ಕಡ್ಡಿಯಲ್ಲಿ ಒಂದು ಚೌಕ ಮಾಡಿಸಿ: 4 ಕಡ್ಡಿ. ಅದಕ್ಕೆ ಅಂಟಿಕೊಂಡಂತೆ ಇನ್ನೊಂದು, ನಡುವಿನ ಗೋಡೆ ಇಬ್ಬರಿಗೂ ಒಂದೇ: 7 ಕಡ್ಡಿ. ಮೂರು ಚೌಕಕ್ಕೆ 10. ನಾಲ್ಕಕ್ಕೆ? 13. ಹತ್ತಕ್ಕೆ? ಇಲ್ಲಿಯವರೆಗೆ ಎಣಿಸುತ್ತಾರೆ, ಬೆರಳು ಮಡಚುತ್ತಾರೆ. ಆಗ ನೂರು ಚೌಕಕ್ಕೆ ಎಷ್ಟು ಅಂತ ಕೇಳಿ. ಪೆಟ್ಟಿಗೆಯಲ್ಲಿ ಅಷ್ಟು ಕಡ್ಡಿ ಇಲ್ಲ, ಎಣಿಸುವ ದಾರಿ ಮುಚ್ಚಿತು. ಈಗ ನಿಯಮ ಹುಡುಕಲೇಬೇಕು.

ಒಂದು ಮಗು ಹೇಳುತ್ತದೆ: ‘ಒಂದೊಂದು ಚೌಕಕ್ಕೆ ಮೂರು ಕಡ್ಡಿ, ಮೊದಲ ಗೋಡೆಗೆ ಒಂದು. 301.’ ಇನ್ನೊಂದು: ‘ಮೊದಲನೆಯದಕ್ಕೆ ನಾಲ್ಕು, ಉಳಿದ ತೊಂಬತ್ತೊಂಬತ್ತಕ್ಕೆ ಮೂರ್ಮೂರು.’ ಅದೂ 301. ಹಿಂದಿನ ಬೆಂಚಿನ ಯಾರೋ ಒಬ್ಬರು, ‘ಎಲ್ಲ ಚೌಕಕ್ಕೂ ನಾಲ್ಕು ಹಾಕಿ, ಎರಡು ಸಲ ಎಣಿಸಿದ ಗೋಡೆ ತೆಗೆದುಬಿಡೋದು’ ಅನ್ನುತ್ತಾರೆ. 400 − 99, ಮತ್ತೆ 301. ಇದು ಸಿಕ್ಕರೆ ಆ ದಿನ ಬೇರೆ ಪಾಠವೇ ಬೇಡ. ಚೌಕಗಳ ಸಂಖ್ಯೆ ಕ್ಷ ಅಂತ ಇಟ್ಟು ಮೂವರದ್ದನ್ನೂ ಬೋರ್ಡ್ ಮೇಲೆ ಬರೆಯಿರಿ:

3ಕ್ಷ + 1
4 + 3(ಕ್ಷ − 1)
4ಕ್ಷ − (ಕ್ಷ − 1)

ಮೂರೂ ಒಂದೇ ಆಗಲೇಬೇಕು, ಯಾಕೆಂದರೆ ಕಡ್ಡಿ ಅವೇ. ಆವರಣ ಬಿಡಿಸುವುದು, ಸಜಾತಿ ಪದ ಸೇರಿಸುವುದು ಯಾಕೆ ಬೇಕು ಅಂತ ಆಗ ಕೇಳುವ ಮಗುವೇ ಇರುವುದಿಲ್ಲ. ಕ್ಷ ಅಂದರೆ ಕಡ್ಡಿಯೂ ಅಲ್ಲ, ಚೌಕವೂ ಅಲ್ಲ, ಎಷ್ಟು ಚೌಕ ಅನ್ನುವ ಸಂಖ್ಯೆ. ಇದು ಕೈಗೆ ಸಿಕ್ಕಿರುತ್ತದೆ.

3ಕ್ಷ + 5 ಹೋಗಿ 8ಕ್ಷ ಆದರೆ

‘ಕೊನೆಗೆ ಒಂದೇ ಉತ್ತರ ಬರಬೇಕು, ನಡುವೆ ಕೂಡುವ ಚಿಹ್ನೆ ಉಳಿಯಬಾರದು’ ಅನ್ನುವ ಹಳೆಯ ನಂಬಿಕೆ ಇದು. ಬೆಲೆ ಹಾಕಿ ನೋಡು ಅನ್ನುವುದೇ ರಿಪೇರಿ. ಆದರೆ ಹುಷಾರು. ಮಗು ಸುಲಭ ಅಂತ ಕ್ಷದ ಬೆಲೆ 1 ಹಾಕುತ್ತದೆ: 3 + 5 = 8, ಆ ಕಡೆಯೂ 8. ತಪ್ಪಿಗೆ ನೀವೇ ಸೀಲು ಒತ್ತಿದ ಹಾಗಾಯ್ತು. 0 ಕೂಡ ಬೇಡ, 2 ಕೂಡ ಬೇಡ. 2ರ ವರ್ಗವೂ 4, 2ರ ಎರಡರಷ್ಟೂ 4. ನಾನು ಯಾವಾಗಲೂ 10 ಹಾಕಿಸುತ್ತೇನೆ. ಒಂದು ಕಡೆ 35, ಇನ್ನೊಂದು ಕಡೆ 80. ವಾದವೇ ಇಲ್ಲ.

ಮೈನಸ್ ಕಾಟ

2 − 7ಕ್ಕೆ 5 ಬಂದರೆ ‘ದೊಡ್ಡದರಿಂದ ಚಿಕ್ಕದನ್ನು ಕಳೆ’ ಅಂತ ಎರಡನೇ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು ಇನ್ನೂ ಬಿಟ್ಟಿಲ್ಲ. ಸಂಖ್ಯಾರೇಖೆಯ ಮೇಲೆ ಬೆರಳಿಟ್ಟು ಹಿಂದೆ ನಡೆಸಿ, ಸಾಕು.

−3 − 4ಕ್ಕೆ 7 ಬಂದರೆ ಕಾರಣ ಬೇರೆ. ‘ಮೈನಸ್ ಮೈನಸ್ ಪ್ಲಸ್’ ಅನ್ನುವ ಮಂತ್ರ. ತರಗತಿ ತರಗತಿಯಲ್ಲೂ ರಾಗವಾಗಿ ಹೇಳಿಸುತ್ತಾರೆ. ಗುಣಾಕಾರಕ್ಕೆ, ಭಾಗಾಕಾರಕ್ಕೆ ಮಾತ್ರ ಅನ್ನುವ ಮಾತು ರಾಗದಲ್ಲಿ ಕೊಚ್ಚಿಹೋಗಿರುತ್ತದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಈ ನಿಯಮಗಳನ್ನು ಬರೆದಾಗ ಕೂಡುವುದಕ್ಕೆ ಬೇರೆ, ಗುಣಿಸುವುದಕ್ಕೆ ಬೇರೆ ಅಂತ ಬಿಡಿಸಿಯೇ ಹೇಳಿದ್ದ. ಎರಡು ಸಾಲ ಕೂಡಿದರೆ ಸಾಲವೇ. ಅಂಗಡಿಯಲ್ಲಿ 3 ರೂಪಾಯಿ ಬಾಕಿ, ಮತ್ತೆ 4 ರೂಪಾಯಿ ಬಾಕಿ ಮಾಡಿದರೆ ಎಷ್ಟು ಬಾಕಿ? ಇಷ್ಟು ಕೇಳಿದರೆ ಯಾವ ಮಗುವೂ 7 ರೂಪಾಯಿ ಲಾಭ ಅನ್ನುವುದಿಲ್ಲ. ಮಂತ್ರವನ್ನು ಒಂದಷ್ಟು ದಿನ ನಿಲ್ಲಿಸಿ. ಸಾಧ್ಯವಾದರೆ ಪೂರ್ತಿ ನಿಲ್ಲಿಸಿ.

ಆವರಣದ ಹಿಂದೆ ಮೈನಸ್ ಇದ್ದಾಗ ಮೊದಲ ಪದದ ಚಿಹ್ನೆ ಮಾತ್ರ ಬದಲಾಯಿಸುವುದು ಇದರ ತಮ್ಮ. 500 − (ಕ್ಷ − 20) ಅನ್ನುವುದನ್ನು 500 − ಕ್ಷ − 20 ಅಂತ ಬರೆಯುತ್ತಾರೆ. ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗಿ. ಬಿಲ್ಲು 300, ರಿಯಾಯಿತಿ 20, ನೀನು 500ರ ನೋಟು ಕೊಟ್ಟೆ. ಕೊಡಬೇಕಾದ್ದು 280, ವಾಪಸ್ 220 ಬರಬೇಕು. ನಿನ್ನ ಲೆಕ್ಕದಲ್ಲಿ 180 ಬಂತು. ‘ನಲವತ್ತು ರೂಪಾಯಿ ಮೋಸ ಮಿಸ್!’ ಅಂತ ಅವರೇ ಕೂಗುತ್ತಾರೆ.

ಪಕ್ಷಾಂತರದ ಪೇಚು

3ಕ್ಷ = 12 ಕೊಟ್ಟಾಗ ಕ್ಷ = 12 − 3 = 9 ಅಂತಲೋ, ಕ್ಷ = 12 ÷ (−3) = −4 ಅಂತಲೋ ಬರೆದರೆ ಮಗು ಗಮನ ಕೊಟ್ಟಿಲ್ಲ ಅಂತ ಬೈಯಬೇಡಿ. ಬಹಳ ಗಮನ ಕೊಟ್ಟಿದೆ. ‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ’ ಅಂತ ನೀವು ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆ. 3 ಆ ಕಡೆ ಹೋಯಿತು, ಚಿಹ್ನೆ ಬದಲಾಯಿತು.

ಪಕ್ಷಾಂತರ, ಅಂದರೆ ಹೀಗೆ ಸಮ ಚಿಹ್ನೆಯ ಆ ಕಡೆಗೆ ದಾಟಿಸುವುದು, ಕೊನೆಯಲ್ಲಿ ಕಲಿಯಬೇಕಾದ ಅಡ್ಡದಾರಿ. ಅದನ್ನೇ ಹೆದ್ದಾರಿ ಅಂತ ಮೊದಲ ದಿನ ತೋರಿಸುವುದು ನನಗಂತೂ ಸರಿ ಕಾಣುವುದಿಲ್ಲ. ಕೆಲವು ವಾರ ಅದಕ್ಕೆ ರಜೆ ಕೊಡಿ. ಎರಡೂ ಕಡೆ ಒಂದೇ ಕೆಲಸ ಮಾಡಿ, ಮಾಡಿದ್ದನ್ನು ಬರೆಯಿರಿ: ಎರಡೂ ಕಡೆ 5 ಕಳೆದೆ, ಎರಡೂ ಕಡೆ 3ರಿಂದ ಭಾಗಿಸಿದೆ.

ಪುಸ್ತಕದಲ್ಲಿ ಇದಕ್ಕೆ ತಕ್ಕಡಿ ಚಿತ್ರ ಇರುತ್ತದೆ. ಈಗಿನ ಎಷ್ಟೋ ಮಕ್ಕಳು ಎಲೆಕ್ಟ್ರಾನಿಕ್ ತಕ್ಕಡಿ ಬಿಟ್ಟು ಬೇರೆ ನೋಡಿಲ್ಲ, ಅದರಲ್ಲಿ ಎರಡು ತಟ್ಟೆಯೇ ಇಲ್ಲ. ಬಟ್ಟೆ ನೇತುಹಾಕುವ ಹ್ಯಾಂಗರ್ ತಗೊಳ್ಳಿ. ಎರಡು ತುದಿಗೂ ಒಂದೊಂದು ಕವರ್ ಕಟ್ಟಿ, ಮೊಳೆಗೆ ಸಿಕ್ಕಿಸಿ. 2ಕ್ಷ + 3 = 11 ಮಾಡೋಣ. ಎರಡು ಪೇಪರ್ ಪೊಟ್ಟಣದಲ್ಲಿ ನಾಲ್ಕು ನಾಲ್ಕು ಒಂದು ರೂಪಾಯಿ ನಾಣ್ಯ ಕಟ್ಟಿ, ಎಷ್ಟಿದೆ ಅಂತ ಹೇಳಬೇಡಿ. ಅವೆರಡು ಪೊಟ್ಟಣ, ಜೊತೆಗೆ ಮೂರು ಬಿಡಿ ನಾಣ್ಯ ಒಂದು ಕವರಿಗೆ. ಹನ್ನೊಂದು ನಾಣ್ಯ ಇನ್ನೊಂದಕ್ಕೆ. ಹನ್ನೊಂದು ನಾಣ್ಯದ ಕಡೆ ಎರಡು ಖಾಲಿ ಪೇಪರನ್ನೂ ಹಾಕಿ, ಇಲ್ಲದಿದ್ದರೆ ಪೇಪರಿನ ತೂಕಕ್ಕೇ ಹ್ಯಾಂಗರ್ ಓರೆಯಾಗುತ್ತದೆ. ನಾಣ್ಯ ಎಲ್ಲ ಒಂದೇ ತರಹದ್ದಿರಲಿ; ಹಳೆಯದಕ್ಕೂ ಹೊಸದಕ್ಕೂ ತೂಕ ಬೇರೆ. ಮಗು ಒಂದು ಕಡೆಯಿಂದ ಮೂರು ನಾಣ್ಯ ತೆಗೆದ ಕೂಡಲೇ ಹ್ಯಾಂಗರ್ ವಾಲುತ್ತದೆ. ಆ ಕಡೆಯಿಂದಲೂ ಮೂರು ತೆಗೆಯಬೇಕು ಅಂತ ನೀವು ಹೇಳುವುದೇ ಬೇಡ.

ಋಣಸಂಖ್ಯೆ ಬಂದ ಮೇಲೆ ಹ್ಯಾಂಗರ್ ಕೆಲಸಕ್ಕೆ ಬರುವುದಿಲ್ಲ. −2ಕ್ಷ = 10 ಅನ್ನುವುದನ್ನು ಕವರಿಗೆ ಹಾಕಲು ಆಗುವುದಿಲ್ಲವಲ್ಲ. ಎಳೆದಾಡಬೇಡಿ, ಅಲ್ಲಿಗೆ ಅದನ್ನು ಬಿಟ್ಟು ಬರಹಕ್ಕೆ ಬನ್ನಿ. ಪ್ರತಿ ಲೆಕ್ಕದ ಕೊನೆಗೆ ತಾಳೆ ನೋಡಿಸಿ: ಸಿಕ್ಕ ಬೆಲೆಯನ್ನು ಮೊದಲ ಸಾಲಿಗೆ ಹಾಕಬೇಕು, ಎರಡನೇ ಸಾಲಿಗಲ್ಲ. ತಪ್ಪು ನಡೆದಿರುವುದು ಮೊದಲ ಸಾಲಿಗೂ ಎರಡನೇ ಸಾಲಿಗೂ ನಡುವೆಯೇ ಇರಬಹುದು.

ವಾಕ್ಯದ ಲೆಕ್ಕ ಬಂದರೆ ಕೈ ನಿಂತುಹೋಗುತ್ತದೆ

ಆರನೇ ಪ್ರಶ್ನೆಗೆ ಕ್ಷ − 15 = 9 ಬಂತಾ? ಇದು ಕನ್ನಡ ಮಾಧ್ಯಮದ ಮಕ್ಕಳಲ್ಲಿ ಜಾಸ್ತಿ ಕಾಣುತ್ತದೆ. ‘12ನ್ನು 3ರಿಂದ ಭಾಗಿಸು’ ಅಂದಾಗ ‘ರಿಂದ’ ಹತ್ತಿದ 3 ಎರಡನೆಯದಾಗಿ ಬರುತ್ತದೆ. ‘ಕ್ಷವನ್ನು 15ರಿಂದ ಕಳೆ’ ಅಂದಾಗ ಅದೇ ‘ರಿಂದ’ ಹತ್ತಿದ 15 ಮೊದಲು ಬರಬೇಕು. ಮಗು ಭಾಗಾಕಾರದ ಅಭ್ಯಾಸವನ್ನು ಇಲ್ಲಿಗೂ ತಂದಿದೆ. ಎರಡೂ ವಾಕ್ಯ ಒಂದರ ಕೆಳಗೊಂದು ಬರೆದು ಸಣ್ಣ ಸಂಖ್ಯೆ ಹಾಕಿ ಮಾಡಿಸಿ. ‘6ನ್ನು 15ರಿಂದ ಕಳೆ’ ಅಂದರೆ ಮಗು ಸರಿಯಾಗಿಯೇ 9 ಅನ್ನುತ್ತದೆ, ಅಕ್ಷರ ಬಂದಾಗ ಮಾತ್ರ ಉಲ್ಟಾ ಮಾಡುತ್ತದೆ.

ಆವರಣ ಬೇಕಾದ ಕಡೆ ಬಿಡುವುದೂ ಹೀಗೇ. ‘ಒಂದು ಸಂಖ್ಯೆಗೆ 4 ಸೇರಿಸಿ, ಬಂದದ್ದರ ಎರಡರಷ್ಟು’ ಅಂದರೆ 2ಕ್ಷ + 4 ಅಂತ ಬರೆಯುತ್ತಾರೆ. ‘ಬಂದದ್ದು’ ಅನ್ನುವ ಪದಕ್ಕೆ ಸುತ್ತ ಗೆರೆ ಎಳೆಸಿ, ಆ ಗೆರೆಯೇ ಆವರಣ.

ವಯಸ್ಸಿನ ಲೆಕ್ಕಕ್ಕೆ ಹೆದರದ ಮಕ್ಕಳು ಕಡಿಮೆ. ‘ತಂದೆಯ ವಯಸ್ಸು ಮಗನ ಮೂರರಷ್ಟು. 12 ವರ್ಷದ ನಂತರ ಎರಡರಷ್ಟಾಗುತ್ತದೆ.’ ಹೆಚ್ಚಿನವರು 3ಕ್ಷ + 12 = 2ಕ್ಷ ಅಂತ ಬರೆಯುತ್ತಾರೆ, ತಂದೆಗೆ ಮಾತ್ರ ವಯಸ್ಸಾಗುತ್ತದೆ. ಉತ್ತರ −12 ಬರುತ್ತದೆ. ಮಗನ ವಯಸ್ಸು −12 ಅಂತ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿರುತ್ತಾರೆ.

ಇಲ್ಲಿ ಅಕ್ಷರವನ್ನು ತಡವಾಗಿ ತನ್ನಿ. ಮೊದಲು ಊಹೆ ಮಾಡಲಿ. ಮಗನಿಗೆ 10 ಅನ್ನೋಣ. ತಂದೆಗೆ 30. ಹನ್ನೆರಡು ವರ್ಷಕ್ಕೆ ಮಗ 22, ತಂದೆ 42. 22ರ ಎರಡರಷ್ಟು 44, ಹೊಂದಲಿಲ್ಲ. 11 ಹಾಕಿ: 33, ಆಮೇಲೆ 23, 45. ಬೇಕಾದ್ದು 46, ಇನ್ನೂ ಒಂದು ಕಮ್ಮಿ. ಈಗ ನಿಲ್ಲಿಸಿ, ಉತ್ತರ ಸಿಗುವ ಮೊದಲೇ. ಊಹೆ ಹಾಕಿದ ಜಾಗದಲ್ಲೆಲ್ಲ ಕ್ಷ ಬರೆ ಅನ್ನಿ. ಮಗ ಕ್ಷ, ತಂದೆ 3ಕ್ಷ, ಆಮೇಲೆ ಕ್ಷ + 12, 3ಕ್ಷ + 12. ಹೊಂದಬೇಕಾದ್ದು 3ಕ್ಷ + 12 = 2(ಕ್ಷ + 12). ಸಮೀಕರಣ ತಾನಾಗಿ ಬಂತು. ಕ್ಷ = 12. ಊಹಿಸುವುದು ದಡ್ಡತನ ಅಂತ ಕೆಲವರು ಬೈಯುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ಮಗುವಿಗೆ ಲೆಕ್ಕದ ಕಥೆಯನ್ನು ತನ್ನ ಮಾತಿನಲ್ಲಿ ಹೇಳಲೇ ಆಗದಿದ್ದರೆ ದೋಷ ಗಣಿತದ್ದಲ್ಲ, ಓದಿನದ್ದು. ಆರನೇ ತರಗತಿಗೆ ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿದವರಲ್ಲಿ ಇದು ಮೊದಲು ನೋಡಬೇಕಾದ್ದು. ಮನೆಮಾತಿನಲ್ಲಿ ಕಥೆ ಹೇಳಿಸಿ, ಆಮೇಲೆ ಲೆಕ್ಕ.

ಉಳಿದ ಸಣ್ಣಪುಟ್ಟವು

ಎಂಟನೇ ತರಗತಿಯಲ್ಲಿ ಭಿನ್ನರಾಶಿ ಸೇರಿಕೊಂಡಾಗ, ಕ್ಷ/2 + 3 = 7 ಅನ್ನುವುದನ್ನು 2ರಿಂದ ಗುಣಿಸಿ ಕ್ಷ + 3 = 14 ಅಂತ ಬರೆಯುತ್ತಾರೆ. 3ನ್ನು ಗುಣಿಸಲು ಮರೆತಿರುತ್ತಾರೆ. ಇಡೀ ಎಡಭಾಗಕ್ಕೆ ಆವರಣ ಹಾಕಿಸಿ, ಸರಿಹೋಗುತ್ತದೆ.

ಮಗ್ಗಿ ಬರದ ಮಗುವಿಗೆ ಮಗ್ಗಿ ಚಾರ್ಟ್ ಪಕ್ಕದಲ್ಲಿಟ್ಟು ಬೀಜಗಣಿತ ಮಾಡಿಸಿ. ಎರಡನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಒಂದಕ್ಕಿಂತ ಜಾಸ್ತಿ ದೋಷ ಇದ್ದರೆ ಸಮ ಚಿಹ್ನೆ ಮೊದಲು, ಮೈನಸ್ ಎರಡನೆಯದು, ಉಳಿದದ್ದು ಆಮೇಲೆ. ಮೂರು ನಾಲ್ಕು ವಾರ ಬಿಟ್ಟು ಅದೇ ಆರು ಪ್ರಶ್ನೆಗಳನ್ನು ಸಂಖ್ಯೆ ಬದಲಾಯಿಸಿ ಕೊಡಿ. 13 + 6 = □ + 9ಕ್ಕೆ 10 ಬಂದರೆ ಆಯ್ತು, 19 ಬಂದರೆ ಮತ್ತೆ ಅಲ್ಲಿಂದಲೇ.

ಆರೂ ಸರಿ ಇದ್ದು, ಟೆಸ್ಟಿನಲ್ಲಿ ಮಾತ್ರ ಅಂಕ ಬರುತ್ತಿಲ್ಲವಾ? ಕೈಬರಹ ನೋಡಿ. ಇಂಗ್ಲಿಷಿನ ಎಕ್ಸ್ ಮತ್ತು ಗುಣಾಕಾರದ ಗುರುತು, ಝಡ್ ಮತ್ತು 2, ಬಿ ಮತ್ತು 6 ಒಂದೇ ತರಹ ಬರೆಯುವ ಮಕ್ಕಳು ತಮ್ಮ ಮೇಲಿನ ಸಾಲನ್ನೇ ತಪ್ಪು ನಕಲು ಮಾಡಿಕೊಳ್ಳುತ್ತಾರೆ. ಎಕ್ಸನ್ನು ಎರಡು ಅರ್ಧಚಂದ್ರ ಬೆನ್ನಿಗೆ ಬೆನ್ನು ಕೊಟ್ಟ ಹಾಗೆ ಬಾಗಿಸಿ, ಝಡ್ಡಿಗೆ ನಡುವೆ ಒಂದು ಅಡ್ಡಗೆರೆ ಎಳೆದು ಬರೆಯುವುದನ್ನು ರೂಢಿ ಮಾಡಿಸಿ.